ಕನ್ನಡಿಯ ಪಾಲಿಶ್ ಟೂಲ್: ತಳಕ್ಕೆ ಏನು, ಮೇಲೆ ಏನು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದೇನೆ. ಮನೆಯಲ್ಲೇ ಟೆಲಿಸ್ಕೋಪ್‌ಗಾಗಿ 6 ಇಂಚಿನ ಎಫ್/8 (ಬೆಳಕು ಒಂದೆಡೆ ಸೇರುವ ದೂರ ಅಗಲದ ಎಂಟರಷ್ಟು) ಕನ್ನಡಿ ಮಾಡುತ್ತಿದ್ದೇನೆ. ಪ್ಲಾಸ್ಟರ್ ಮೇಲೆ ಟೈಲ್ ಅಂಟಿಸಿದ ಟೂಲ್ (ಗಾಜನ್ನು ಉಜ್ಜುವ ಬಿಲ್ಲೆ) ಇಟ್ಟುಕೊಂಡು 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು) ಪುಡಿಯವರೆಗೆ ಉಜ್ಜಿ ಮುಗಿಸಿದೆ. ಇನ್ನು ಪಾಲಿಶ್. ಅದೇ ಟೂಲ್ ಮೇಲೆ ಪಿಚ್ (ಬಿಸಿಗೆ ಕರಗಿ, ತಣ್ಣಗಾದರೆ ಗಟ್ಟಿಯಾಗುವ ರಾಳದಂಥ ಅಂಟು) ಸುರಿಯಬಹುದಾ? ಬೇರೆ ಮಾಡುವುದಾದರೆ ಪ್ಲೈವುಡ್, ಅಕ್ರಿಲಿಕ್, ಗ್ರಾನೈಟ್, ಇವುಗಳಲ್ಲಿ ಯಾವುದು ಒಳ್ಳೆಯದು? ಹೊರದೇಶದ ಪಿಚ್ ದುಬಾರಿ, ರಸ್ತೆಗೆ ಹಾಕುವ ಡಾಂಬರು ನಡೆಯುತ್ತದಾ? ಮೇ ರಜೆಯಲ್ಲಿ ಮುಗಿಸಬೇಕು ಅಂದುಕೊಂಡಿದ್ದೇನೆ.

ಉತ್ತರ: ಮೊದಲು ಒಂದು ಮಾತು. 5 ಮೈಕ್ರಾನ್‌ವರೆಗೆ ಬಂದಿದ್ದೀರಿ ಅಂದರೆ ತೋಳು ನೋಯುವ ಕೆಲಸವೆಲ್ಲ ಮುಗಿದಿದೆ, ತುಂಬಾ ಖುಷಿಯಾಯಿತು. ಇನ್ನು ಉಳಿದದ್ದು ತಾಳ್ಮೆಯ ಕೆಲಸ.

ಅದೇ ಟೂಲ್ ಮೇಲೆ ಪಿಚ್ ಸುರಿಯಬೇಡಿ. ಸುರಿದರೆ ಅಂಟುವುದಿಲ್ಲ ಅಂತಲ್ಲ, ಅಂಟುತ್ತದೆ. ಆದರೆ ಪಾಲಿಶ್ ಶುರುವಾಗಿ ಒಂದು ಗಂಟೆ ಆದ ಮೇಲೆ ಗಾಜು ಹೊಳೆಯತೊಡಗುತ್ತದೆ, ಆಗಲೇ ಹಿಂದಿನ ತಪ್ಪುಗಳು ಕಣ್ಣಿಗೆ ಬೀಳುವುದು. 220 ನಂಬರಿನ ಒರಟು ಪುಡಿಯಲ್ಲಿ ಬಿದ್ದ ಗುಳಿ 5 ಮೈಕ್ರಾನ್‌ನಲ್ಲೂ ಹೋಗದೆ ಅಂಚಿನ ಹತ್ತಿರ ಉಳಿದಿರಬಹುದು. ನನ್ನ ಎರಡನೇ ಕನ್ನಡಿಗೆ ಹೀಗೇ ಆಯಿತು. ಎರಡು ಗಂಟೆ ಪಾಲಿಶ್ ಮಾಡಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನ ಸುತ್ತ ಒಂದು ಬೆರಳಗಲ ಸಣ್ಣ ಸಣ್ಣ ಚುಕ್ಕೆ. ವಾಪಸ್ 12 ಮೈಕ್ರಾನ್‌ಗೆ ಹೋಗಬೇಕಾಯಿತು. ಉಜ್ಜುವ ಟೂಲ್ ಪಿಚ್ ಕೆಳಗೆ ಹೂತುಹೋಗಿತ್ತು. ಅದನ್ನು ಕೆರೆದು, ಟರ್ಪೆಂಟೈನ್‌ನಲ್ಲಿ ತೊಳೆದು, ಟೈಲ್ ಸಂದಿನಲ್ಲಿದ್ದ ಪಿಚ್ ಪೂರ್ತಿ ತೆಗೆಯುವಷ್ಟರಲ್ಲಿ ಎರಡು ಭಾನುವಾರ ಹೋಯಿತು. ಅಂದಿನಿಂದ ಉಜ್ಜುವುದಕ್ಕೆ ಒಂದು ಟೂಲ್, ಪಾಲಿಶ್‌ಗೆ ಇನ್ನೊಂದು. ನಿಮ್ಮ ಟೈಲ್ ಟೂಲನ್ನು ಚೆನ್ನಾಗಿ ತೊಳೆದು, ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಕೋಣೆಯಲ್ಲಿಡಿ. ಪಾಲಿಶ್ ಮಾಡುವ ಜಾಗಕ್ಕೆ ಮಾತ್ರ ತರಬೇಡಿ, ಅದರಲ್ಲಿ ಅಡಗಿದ ಒಂದೇ ಒಂದು ಕಣ ಸಾಕು ಗೀರು ಹಾಕಲು.

ಈಗ ತಳದ ವಿಷಯ. ಪಾಲಿಶ್ ಟೂಲ್ ಅಂದರೆ ಎರಡು ಪದರ. ಕೆಳಗೆ ಗಟ್ಟಿ ತಳ, ಮೇಲೆ ಐದಾರು ಮಿಲಿಮೀಟರ್ ಪಿಚ್. ತಳಕ್ಕೆ ಇರುವುದು ಮೂರೇ ಕೆಲಸ: ಬಾಗಬಾರದು, ನೀರು ಕುಡಿಯಬಾರದು, ಪಿಚ್ಚನ್ನು ಬಿಡಬಾರದು. ಈ ಮೂರಕ್ಕೂ ಒಗ್ಗುವ ಯಾವ ವಸ್ತುವಾದರೂ ನಡೆಯುತ್ತದೆ. ಜನ ತಳದ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಪಿಚ್ ಬಗ್ಗೆ ಕಡಿಮೆ. ಇದು ತಿರುಗಾಮುರುಗಾ ಆಗಬೇಕು.

ಪ್ಲೈವುಡ್ ಬೇಡ. ಡೊಂಬಿವಲಿಯ ಗಾಳಿಯಲ್ಲಿ ಮನೆಯ ಕಪಾಟಿನ ಬಾಗಿಲೇ ಜೂನ್‌ನಲ್ಲಿ ಉಬ್ಬಿಕೊಳ್ಳುತ್ತದೆ, ಅಲ್ವಾ? ಪಾಲಿಶ್ ಟೂಲ್ ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಎಷ್ಟೇ ವಾರ್ನಿಶ್ ಬಳಿದರೂ ಒಂದು ಸಣ್ಣ ಬಿರುಕು ಸಾಕು, ನೀರು ಒಳಗೆ ಹೋಗಿ ಮರ ನೂಲಿನಷ್ಟು ಸೊಟ್ಟಗಾಗುತ್ತದೆ. ನಮ್ಮ ಲೆಕ್ಕದಲ್ಲಿ ನೂಲು ಅನ್ನುವುದು ದೊಡ್ಡ ಅಳತೆ. ಕನ್ನಡಿಯ ಮೇಲ್ಮೈ ಇರಬೇಕಾದ ಆಕಾರದಿಂದ ಸುಮಾರು 70 ನ್ಯಾನೋಮೀಟರ್‌ಗಿಂತ ಹೆಚ್ಚು ತಪ್ಪಬಾರದು, ಅಂದರೆ ಒಂದು ಮಿಲಿಮೀಟರನ್ನು ಹದಿನಾಲ್ಕು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಕ್ರಿಲಿಕ್ಕೂ ಬೇಡ. ಅದು ಬಾಗುತ್ತದೆ, ಬಿಸಿಗೆ ಗಾಜಿಗಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ, ಪಿಚ್ಚನ್ನೂ ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ಬಿಸಿ ಪಿಚ್ ಸುರಿಯುವಾಗಲೇ ಸೊಟ್ಟಗಾಗುವ ಭಯ ಬೇರೆ.

ಗಾಜು ಸಿಕ್ಕರೆ ಅದೇ ಉತ್ತಮ. 19 ಮಿ.ಮೀ. ದಪ್ಪದ ಗಾಜಿನ ಬಿಲ್ಲೆ ಇದ್ದರೆ ಬೇರೆ ಯೋಚನೆಯೇ ಬೇಡ. ಆದರೆ ಅದಕ್ಕಾಗಿ ಸುಮ್ನೆ ದುಡ್ಡು ಸುರಿಯುವ ಅಗತ್ಯವಿಲ್ಲ, ಯಾಕೆಂದರೆ ನೀವೇ ಕೇಳಿದ ಗ್ರಾನೈಟ್ ಇದೆಯಲ್ಲ, ಅದು ಹೆಚ್ಚುಕಡಿಮೆ ಗಾಜಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕುವವರು ಸಿಂಕ್‌ಗಾಗಿ ಚೌಕ ಕೊಯ್ದು ತೆಗೆದ ತುಂಡು ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತದೆ. 18ರಿಂದ 20 ಮಿ.ಮೀ. ದಪ್ಪ, 6 ಇಂಚಿಗೆ ಅದು ಧಾರಾಳ. ಇಲ್ಲಿ ಸಿಗುವ ಕಲ್ಲು ಎಷ್ಟೋ ಸಲ ನಮ್ಮ ಕಡೆಯದ್ದೇ, ಇಳಕಲ್ಲಿನ ಕೆಂಪೋ ಚಾಮರಾಜನಗರದ ಕಪ್ಪೋ ಇರುತ್ತದೆ. ಅವರ ಹತ್ತಿರವೇ ಕನ್ನಡಿಯಷ್ಟೇ ಅಗಲಕ್ಕೆ ದುಂಡಗೆ ಕೊಯ್ಸಿಕೊಳ್ಳಿ. ಆಮೇಲೆ ಎರಡು ಕೆಲಸ ಮರೆಯಬೇಡಿ. ಒಂದು, ಹೊಳಪಿನ ಮುಖಕ್ಕೆ ಪಿಚ್ ಹಿಡಿಯುವುದಿಲ್ಲ, ಆದ್ದರಿಂದ 80 ನಂಬರಿನ ಕಾರ್ಬೊರಂಡಮ್ (ಉಜ್ಜುವ ಒರಟು ಪುಡಿ) ಹಾಕಿ ಹಳೇ ಟೈಲ್ ತುಂಡಿನಿಂದ ಹತ್ತು ನಿಮಿಷ ಉಜ್ಜಿ ಮಂಕು ಮಾಡಿ, ಅಥವಾ ಹಿಂದಿನ ಒರಟು ಮುಖವನ್ನೇ ಬಳಸಿ. ಎರಡು, ಕೊಯ್ದ ಅಂಚಿನಿಂದ ಕಲ್ಲಿನ ಚೂರು ಉದುರುತ್ತಲೇ ಇರುತ್ತದೆ. ಅಂಚನ್ನು ಓರೆಯಾಗಿ ಉಜ್ಜಿ, ತೊಳೆದು, ಒಣಗಿಸಿ, ಸುತ್ತಲೂ ಅರಾಲ್ಡೈಟ್ ತರಹದ ಎಪಾಕ್ಸಿ ಬಳಿದುಬಿಡಿ.

ಚಪ್ಪಟೆ ಕಲ್ಲಿನ ಮೇಲೆ ಗುಂಡಿಯಾದ ಕನ್ನಡಿ ಹೇಗೆ ಕೂರುತ್ತದೆ ಅಂತ ನೀವು ಕೇಳಬಹುದು. 6 ಇಂಚು ಎಫ್/8 ಕನ್ನಡಿಯ ನಡುವಿನ ಆಳ ಸುಮಾರು 1.2 ಮಿ.ಮೀ. ಮಾತ್ರ. ನಡುವೆ ಪಿಚ್ 6 ಮಿ.ಮೀ. ಇದ್ದರೆ ಅಂಚಿನಲ್ಲಿ 5 ಇರುತ್ತದೆ, ಅಷ್ಟೇ ವ್ಯತ್ಯಾಸ, ತೊಂದರೆಯಿಲ್ಲ. ಮುಂದೆ 8 ಇಂಚು ಎಫ್/5 ಮಾಡಿದರೆ ಆಳ 2.5 ಮಿ.ಮೀ. ಆಗುತ್ತದೆ, ಆಗ ತಳವನ್ನೂ ಉಬ್ಬಾಗಿ ಎರಕ ಹೊಯ್ಯುವುದು ಒಳ್ಳೆಯದು.

ಎರಕಕ್ಕೆ ಬಿಳಿ ಪ್ಲಾಸ್ಟರ್‌ಗಿಂತ ಡೆಂಟಲ್ ಸ್ಟೋನ್ ವಾಸಿ. ಹಲ್ಲಿನ ಅಚ್ಚು ತೆಗೆಯಲು ಬಳಸುತ್ತಾರಲ್ಲ, ಅದು. ಹಲ್ಲಿನ ಡಾಕ್ಟರಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ಸಿಗುತ್ತದೆ. 100 ಗ್ರಾಂ ಪುಡಿಗೆ 30 ಮಿ.ಲೀ. ನೀರು ಸಾಕು, ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ 45ರಿಂದ 50 ಬೇಕು. ನೀರು ಕಡಿಮೆ ಅಂದರೆ ತೂತು ಕಡಿಮೆ, ಗಟ್ಟಿತನ ಜಾಸ್ತಿ. 6 ಇಂಚಿಗೆ 2 ಸೆಂ.ಮೀ. ದಪ್ಪದ ಬಿಲ್ಲೆ ಮಾಡಲು 600 ಗ್ರಾಂ ಪುಡಿ ಬೇಕಾಗುತ್ತದೆ. ನಿಮ್ಮ ಕಡೆ ಗಣಪತಿ ಮೂರ್ತಿಗೆ ಅಂತ ಪ್ಲಾಸ್ಟರ್ ಮೂಟೆಗಟ್ಟಲೆ ಸಿಗುತ್ತದೆ, ಅಗ್ಗ ಕೂಡ, ಅದರಲ್ಲೂ ಆಗುತ್ತದೆ. ಆದರೆ ಯಾವುದೇ ಎರಕವಾಗಲಿ, ಪೂರ್ತಿ ಒಣಗಿದ ಮೇಲೆಯೇ ಎಪಾಕ್ಸಿ ಬಳಿಯಬೇಕು. ಒಣಗಿತಾ ಅಂತ ತಿಳಿಯುವುದಕ್ಕೆ ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಕ ನೋಡಿ. ಮೂರು ದಿನ ತೂಕ ಇಳಿಯದೆ ನಿಂತರೆ ಒಣಗಿದೆ. ಒಳಗೆ ತೇವ ಉಳಿದಿದ್ದರೆ ಬಿಸಿ ಪಿಚ್ ಸುರಿದಾಗ ಆವಿಯಾಗಿ ಗುಳ್ಳೆ ಎದ್ದು, ಪಿಚ್ ಒಂದು ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅಲ್ಯುಮಿನಿಯಂ ಬಿಲ್ಲೆಯನ್ನೂ ಕೆಲವರು ಬಳಸುತ್ತಾರೆ. ಲೇತ್ ಇರುವ ಸ್ನೇಹಿತರಿದ್ದರೆ ಅದೂ ಸರಿ, ಇಲ್ಲದಿದ್ದರೆ ಹುಡುಕಿಕೊಂಡು ಹೋಗಬೇಡಿ. ನಿಮಗೆ ಗ್ರಾನೈಟ್ ಸಾಕು.

ಇನ್ನು ಮುಖ್ಯ ವಿಷಯ, ಪಿಚ್.

ಪಿಚ್ ಯಾಕೆ ಬೇಕು ಅಂತ ಅರ್ಥವಾದರೆ ಯಾವ ಪಿಚ್ ಅನ್ನುವುದು ತಾನಾಗಿ ತಿಳಿಯುತ್ತದೆ. ಪಿಚ್ ತುಂಡನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನ ಹಾಗೆ ಒಡೆಯುತ್ತದೆ. ಅದೇ ತುಂಡನ್ನು ಮೇಜಿನ ಮೇಲೆ ವಾರಗಟ್ಟಲೆ ಬಿಟ್ಟರೆ ನಿಧಾನವಾಗಿ ಹರಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಒಂದು ಆಲಿಕೆಗೆ ಪಿಚ್ ಹಾಕಿ ಇಟ್ಟಿದ್ದಾರೆ, ಅದರಿಂದ ಒಂಬತ್ತನೇ ಹನಿ ಬಿದ್ದದ್ದು 2014ರಲ್ಲಿ. ಕನ್ನಡಿಯನ್ನು ಅದರ ಮೇಲೆ ಒತ್ತಿ ಇಟ್ಟರೆ ಪಿಚ್ ಹರಿದು ಕನ್ನಡಿಯದೇ ಆಕಾರ ಪಡೆಯುತ್ತದೆ, ಬೇಗ ಬೇಗ ಆಡಿಸಿದಾಗ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತು, ಪಾಲಿಶ್ ಪುಡಿಯ ಕಣಗಳನ್ನು ತನ್ನೊಳಗೆ ಹಿಡಿದುಕೊಂಡು ಗಾಜನ್ನು ನುಣುಪು ಮಾಡುತ್ತದೆ. ಈ ಎರಡು ಗುಣವೂ ಒಟ್ಟಿಗೆ ಬೇಕು. ನ್ಯೂಟನ್ ತಮ್ಮ ಲೋಹದ ಕನ್ನಡಿಗೆ ಪಾಲಿಶ್ ಮಾಡಿದ್ದೂ ಪಿಚ್ ಮೇಲೆಯೇ, 1704ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಆ ವಿಧಾನವನ್ನು ಬರೆದಿಟ್ಟಿದ್ದಾರೆ.

ಈ ಎರಡು ಗುಣಗಳ ನಡುವಿನ ಹದ ನಿಂತಿರುವುದು ಕೋಣೆಯ ಬಿಸಿಯ ಮೇಲೆ. ಹೊರದೇಶದ ಪುಸ್ತಕಗಳಲ್ಲಿ ಬರೆದಿರುವ ಪಿಚ್ಚೆಲ್ಲ 20–22 ಡಿಗ್ರಿ ಕೋಣೆಗೆ. ನಿಮ್ಮ ಮನೆ ಮೇ ತಿಂಗಳಲ್ಲಿ ಹಗಲು 33, ರಾತ್ರಿ 28. ನಾನಿರುವ ಪುಣೆಯಲ್ಲಿ ಇನ್ನೂ ಕಷ್ಟ: ಜನವರಿ ಬೆಳಿಗ್ಗೆ 11ಕ್ಕೆ ಇಳಿಯುತ್ತದೆ, ಮೇ ಮಧ್ಯಾಹ್ನ 38 ಮುಟ್ಟುತ್ತದೆ. ಮೊದಲ ಸಲ ನಾನು ಡಿಸೆಂಬರ್‌ನಲ್ಲಿ ಹದ ನೋಡಿ ಮಾಡಿದ ಟೂಲನ್ನೇ ಏಪ್ರಿಲ್‌ನಲ್ಲಿ ಹೊರತೆಗೆದೆ. ಪಿಚ್ಚನ್ನು ಚೌಕ ಚೌಕವಾಗಿ ಕೊಯ್ದಿರುತ್ತೇವೆ, ಅರ್ಧ ಗಂಟೆಯಲ್ಲಿ ಆ ಚೌಕಗಳ ನಡುವಿನ ಕಾಲುವೆಗಳೆಲ್ಲ ಮುಚ್ಚಿಹೋದವು, ಕನ್ನಡಿಯ ಅಂಚು ಕೆಳಗೆ ಇಳಿದುಬಿಟ್ಟಿತು. ಮೆದು ಪಿಚ್‌ನ ಕಾಯಿಲೆಯೇ ಅದು. ಹಾಗಂತ ತೀರಾ ಗಟ್ಟಿ ಪಿಚ್ ಹಾಕಿದರೆ ಅದು ಕನ್ನಡಿಯ ಆಕಾರಕ್ಕೆ ಒಗ್ಗುವುದೇ ಇಲ್ಲ, ಒಂದು ಕಡೆ ತಾಗಿ ಇನ್ನೊಂದು ಕಡೆ ತಾಗದೆ ಬಳೆ ಬಳೆಯಾಗಿ ತಗ್ಗುದಿಣ್ಣೆ ಬೀಳುತ್ತದೆ, ಕೂದಲೆಳೆಯಂಥ ಗೀರುಗಳೂ ಬೀಳುತ್ತವೆ.

ನಮ್ಮ ಅವ್ವ ಎಳ್ಳುಂಡೆ ಮಾಡುವಾಗ ಬೆಲ್ಲದ ಪಾಕವನ್ನು ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುತ್ತಿದ್ದಳು. ಪಿಚ್‌ನ ಹದ ನೋಡುವುದೂ ಹಾಗೇ. ಕರಗಿದ ಪಿಚ್‌ನಲ್ಲಿ ಚಮಚ ಅದ್ದಿ, ತಣ್ಣೀರಿರುವ ಬಟ್ಟಲಿಗೆ ಒಂದು ದೊಡ್ಡ ಹನಿ ಬಿಡಿ. ಆ ನೀರು ಫ್ರಿಜ್‌ನದ್ದಲ್ಲ, ನೀವು ಕೆಲಸ ಮಾಡುವ ಕೋಣೆಯಲ್ಲೇ ಬೆಳಿಗ್ಗೆಯಿಂದ ಇಟ್ಟದ್ದಾಗಿರಬೇಕು. ಹನಿ ಬಿಲ್ಲೆಯಾಗಿ ಕೂರುತ್ತದೆ. ಹದಿನೈದು ನಿಮಿಷ ನೀರಲ್ಲೇ ಬಿಡಿ, ಒಳಗಿನ ಬಿಸಿ ಹೋಗಲಿ. ಆಮೇಲೆ ತೆಗೆದು ಮೇಜಿನ ಮೇಲಿಟ್ಟು ಹೆಬ್ಬೆರಳ ಉಗುರನ್ನು ಅದರ ಮೇಲೆ ಊರಿ, ಜೋರಾಗಿ ಅಲ್ಲ, ಸಾಧಾರಣ ಬಲದಲ್ಲಿ ಹತ್ತು ಸೆಕೆಂಡು ಒತ್ತಿ. ಐದಾರು ಮಿಲಿಮೀಟರ್ ಉದ್ದದ ಉಗುರಿನ ಗುರುತು ಬಿದ್ದರೆ ಹದ ಸರಿ. ಉಗುರು ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಮೆದು. ಗುರುತೇ ಬೀಳದಿದ್ದರೆ, ಅಥವಾ ಅಂಚು ಸಿಡಿದು ಚೂರಾದರೆ ಗಟ್ಟಿ. ಲೋಣಾವಳದ ಚಿಕ್ಕಿ ತಿಂದಿದ್ದೀರಲ್ಲ, ಹೊಸದಾಗಿ ಬಿಚ್ಚಿದ ಚಿಕ್ಕಿಯ ಹಾಗೆ ಟಣ್ ಅಂತ ಮುರಿದರೂ ಬೇಡ, ಮಳೆಗಾಲದಲ್ಲಿ ಬಿಚ್ಚಿಟ್ಟ ಚಿಕ್ಕಿಯ ಹಾಗೆ ಬಾಗಿದರೂ ಬೇಡ. ಅದರ ನಡುವೆ.

ಕೊಳ್ಳುವುದಾದರೆ ಸ್ವಿಟ್ಜರ್ಲೆಂಡಿನ ಗುಗೋಲ್ಟ್ಸ್ ಪಿಚ್ ಹೆಸರು ಕೇಳಿರುತ್ತೀರಿ. 55, 64, 73 ಅಂತ ನಂಬರ್ ಇರುತ್ತದೆ, ಅದು ಹೆಚ್ಚುಕಡಿಮೆ ಆ ಪಿಚ್ ಮೆದುವಾಗುವ ಡಿಗ್ರಿ. 20 ಡಿಗ್ರಿಯ ಆಸುಪಾಸಿನ ಕೋಣೆಗೆ 64, ಅದಕ್ಕಿಂತ ಬೆಚ್ಚಗಿನ ಕೋಣೆಗೆ 73. ನಿಮ್ಮ ಊರಿಗೆ ಹೇಳುವುದಾದರೆ 73 ತಗೊಳ್ಳಿ. ಎಷ್ಟು ಬೇಕು ಅಂದರೆ, 6 ಇಂಚು ಅಗಲ 6 ಮಿ.ಮೀ. ದಪ್ಪಕ್ಕೆ ಸುಮಾರು 120 ಗ್ರಾಂ ಸಾಕು. ಚೆಲ್ಲುವುದು, ಹದ ನೋಡುವುದು, ಒಂದು ಸಲ ಕೆಟ್ಟರೆ ಮತ್ತೆ ಸುರಿಯುವುದು ಎಲ್ಲ ಸೇರಿ 300 ಗ್ರಾಂ ಇದ್ದರೆ ನಿಶ್ಚಿಂತೆ. ದುಬಾರಿ ಅನ್ನಿಸುವುದು ಕಿಲೋ ಲೆಕ್ಕದಲ್ಲಿ ತರಿಸಿದಾಗ. ಮುಂಬಯಿಯ ಖಗೋಳ ಮಂಡಲ, ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಇಂಥ ಹವ್ಯಾಸಿಗಳ ಸಂಘಗಳಲ್ಲಿ ವಿಚಾರಿಸಿ. ಕನ್ನಡಿ ಮಾಡಿದವರು ಯಾರಾದರೂ ಸಿಕ್ಕರೆ ನಾಲ್ಕು ಜನ ಸೇರಿ ಒಂದು ಡಬ್ಬ ತರಿಸಿ ಹಂಚಿಕೊಳ್ಳಬಹುದು.

64 ಮಾತ್ರ ಸಿಕ್ಕಿದರೂ ಗಾಬರಿ ಬೇಡ. ಪಿಟೀಲಿನ ಕಮಾನಿಗೆ ತಿಕ್ಕುವ ರಾಳ ಇದೆಯಲ್ಲ, ಅದೇ ಜಾತಿಯ ಪೈನ್ ಮರದ ರಾಳ ಇಲ್ಲಿನ ಪೇಟೆಗಳಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಮರಾಠಿಯಲ್ಲೂ ರಾಳ ಅಂತಲೇ ಕೇಳಿ. ಹಿಮಾಚಲ, ಉತ್ತರಾಖಂಡದ ಚೀಡ್ ಮರಗಳಿಂದ ಬರುವ ಸರಕು. 100 ಗ್ರಾಂ ಪಿಚ್‌ಗೆ 5 ಗ್ರಾಂ ರಾಳ ಪುಡಿ ಮಾಡಿ ಹಾಕಿ, ಪೂರ್ತಿ ಬೆರೆಯುವವರೆಗೆ ತಿರುವಿ, ಹನಿ ಬಿಟ್ಟು ನೋಡಿ. ಸಾಲದಿದ್ದರೆ ಇನ್ನು 5. ಹೆಚ್ಚಾಗಿ ಗಟ್ಟಿಯಾಯಿತೋ, ಒಲೆಯಿಂದ ಇಳಿಸಿ ಅಗಸೆ ಎಣ್ಣೆ ಕೆಲವೇ ಹನಿ ಹಾಕಿ. ಟರ್ಪೆಂಟೈನ್ ಕೂಡ ಮೆದು ಮಾಡುತ್ತದೆ, ಆದರೆ ಅದು ದಿನ ಕಳೆದಂತೆ ಆರಿಹೋಗಿ ಹದ ಬದಲಾಗುತ್ತದೆ, ನನಗೆ ಎಣ್ಣೆಯ ಮೇಲೇ ನಂಬಿಕೆ. ರಾಳಕ್ಕೆ ಬರೀ ಹರಳೆಣ್ಣೆ ಸೇರಿಸಿ ಪಿಚ್ ಮಾಡಿಕೊಳ್ಳುವವರೂ ಇದ್ದಾರೆ. ನಾನೂ ಒಂದು ಕನ್ನಡಿಯನ್ನು ಅದರಲ್ಲೇ ಮುಗಿಸಿದ್ದೇನೆ. ಕೆಲಸ ಆಗುತ್ತದೆ, ಆದರೆ ಚೌಕಗಳ ಅಂಚು ಸಿಡಿಯುತ್ತಲೇ ಇರುತ್ತದೆ, ಸ್ವಲ್ಪ ಜೇನುಮೇಣ ಹಾಕಿದರೆ ತುಸು ಕಡಿಮೆಯಾಗುತ್ತದೆ. ಮೊದಲ ಕನ್ನಡಿಗೆ ನಾನು ಅದನ್ನು ಹೇಳುವುದಿಲ್ಲ.

ಡಾಂಬರಿನ ಮಾತು. ರಸ್ತೆಯ ಡಾಂಬರನ್ನು ಲಾರಿ ಭಾರಕ್ಕೆ ಬಿರುಕು ಬಿಡದ ಹಾಗೆ ಮಾಡಿರುತ್ತಾರೆ. ಅದಕ್ಕೆ ರಬ್ಬರಿನಂಥ ಗುಣ ಇರುತ್ತದೆ, ಒತ್ತಿದರೆ ಸ್ವಲ್ಪ ವಾಪಸ್ ಬರುತ್ತದೆ. ನಮಗೆ ಬೇಕಾದದ್ದು ಒತ್ತಿದರೆ ಹರಿದು ಅಲ್ಲೇ ನಿಲ್ಲುವ ವಸ್ತು. ಮೇಲಾಗಿ ರಸ್ತೆ ಕೆಲಸದ ಡ್ರಮ್ಮಿನಿಂದ ತಂದದ್ದರಲ್ಲಿ ಮರಳು, ಜಲ್ಲಿ ಪುಡಿ ಇದ್ದೇ ಇರುತ್ತದೆ. ಎರಡು ಪದರ ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ರಾಳ ಸೇರಿಸಿ ಗಟ್ಟಿ ಮಾಡಿ ಬಳಸಿದವರಿದ್ದಾರೆ, ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಇಷ್ಟು ತಿಂಗಳು ಉಜ್ಜಿದ ಗಾಜಿನ ಮೇಲೆ ಆ ಪ್ರಯೋಗ ಬೇಡ, ದಯವಿಟ್ಟು.

ಕಾಯಿಸುವಾಗ ಹುಷಾರು. ಪಿಚ್‌ಗೆ ಬೆಂಕಿ ಹತ್ತುತ್ತದೆ. ಗ್ಯಾಸ್ ಒಲೆಯ ಉರಿಯ ಮೇಲೆ ನೇರವಾಗಿ ಇಡಬೇಡಿ. ಕುದಿಯುವ ನೀರಿನ ಪಾತ್ರೆಯೊಳಗೆ ಸ್ಟೀಲ್ ಡಬ್ಬ ಇಟ್ಟು ನಿಧಾನಕ್ಕೆ ಕರಗಿಸಿ, ಮುಚ್ಚಳ ಕೈಗೆ ಸಿಗುವಂತಿರಲಿ, ಕಿಟಕಿ ತೆರೆದಿರಲಿ, ಮಕ್ಕಳು ಅಡುಗೆಮನೆಗೆ ಬರದಿರಲಿ. ಬೇಗ ಆಗಲಿ ಅಂತ ಹೊಗೆ ಬರುವಷ್ಟು ಕಾಯಿಸಿದರೆ ಅದರೊಳಗಿನ ಎಣ್ಣೆ ಅಂಶ ಹೋಗಿ ಪಿಚ್ ಗಟ್ಟಿಯಾಗಿ ಪೆಡಸಾಗುತ್ತದೆ, ಆಗ ನೋಡಿಟ್ಟ ಹದವೆಲ್ಲ ವ್ಯರ್ಥ. ಗ್ರಾನೈಟ್ ತಳವನ್ನು ಬಿಸಿಲಲ್ಲಿಟ್ಟು ಬೆಚ್ಚಗೆ ಮಾಡಿ, ಟರ್ಪೆಂಟೈನ್‌ನಲ್ಲಿ ಒಂದಿಷ್ಟು ಪಿಚ್ ಕರಗಿಸಿ ತೆಳ್ಳಗೆ ಬಳಿದು ಆರಲು ಬಿಡಿ, ಆಮೇಲೆ ಸುತ್ತ ಮಾಸ್ಕಿಂಗ್ ಟೇಪಿನ ಗೋಡೆ ಕಟ್ಟಿ ಜೇನಿನಷ್ಟು ಮಂದವಾದ ಪಿಚ್ ಸುರಿಯಿರಿ. ಅಲುಗಾಡಿಸಿದರೆ ಹರಿಯದಷ್ಟು ಗಟ್ಟಿಯಾದಾಗ, ಉಗುರುಬೆಚ್ಚಗಿನ ನೀರಲ್ಲಿಟ್ಟು ತೆಗೆದ ಕನ್ನಡಿಗೆ ಸೀರಿಯಂ ಪಾಲಿಶ್ ಪುಡಿ ಕಲಸಿದ ನೀರು ಬಳಿದು ಮೆಲ್ಲಗೆ ಒತ್ತಿ. ತಣ್ಣನೆ ಕನ್ನಡಿ ಇಟ್ಟರೆ ಗಾಜಿಗೆ ಅಪಾಯ.

ಕಾಲುವೆಗಳನ್ನು ಎರಡೂವರೆ ಸೆಂಟಿಮೀಟರ್ ಚೌಕಗಳಾಗುವಂತೆ ಕೊಯ್ಯಿರಿ, ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿದು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದರೆ ಚೂರು ಅಂಟುವುದಿಲ್ಲ. ಒಂದು ಎಚ್ಚರಿಕೆ: ಟೂಲಿನ ನಟ್ಟನಡುವೆ ಚೌಕದ ಮಧ್ಯವೂ ಬರಬಾರದು, ಕಾಲುವೆಗಳು ಸೇರುವ ಮೂಲೆಯೂ ಬರಬಾರದು. ಸ್ವಲ್ಪ ಪಕ್ಕಕ್ಕೆ ಸರಿಸಿ. ಇಲ್ಲದಿದ್ದರೆ ಕನ್ನಡಿಯ ನಡುವೆ ಬಳೆಯಾಕಾರದ ದಿಣ್ಣೆಯೋ ಗುಳಿಯೋ ಬೀಳುತ್ತದೆ. ಕೊಯ್ದ ಮೇಲೆ ಪಿಚ್ ಮೇಲೆ ಪ್ಲಾಸ್ಟಿಕ್ ಸೊಳ್ಳೆ ಜಾಲರಿ ಹಾಸಿ, ಕನ್ನಡಿ ಇಟ್ಟು, ಐದು ಕಿಲೋ ಅಕ್ಕಿ ಚೀಲ ಹೇರಿ ಇಪ್ಪತ್ತು ನಿಮಿಷ ಬಿಡಿ. ಜಾಲರಿಯ ಸಣ್ಣ ಕಣ್ಣುಗಳು ಪಿಚ್ ಮೇಲೆ ಮೂಡಿ, ಪುಡಿ ನಿಲ್ಲುವುದಕ್ಕೂ ಒತ್ತಿದಾಗ ಬೇಗ ತಾಗುವುದಕ್ಕೂ ಸಹಾಯ ಮಾಡುತ್ತವೆ. ನಿಮ್ಮ ಕನ್ನಡಿಯ ಬೆನ್ನು ಪಾರದರ್ಶಕವಾಗಿದ್ದರೆ ಮೇಲಿನಿಂದ ನೋಡಿ: ತಾಗಿದ ಚೌಕ ಒಂದೇ ಸಮನೆ ಗಾಢವಾಗಿ, ಒದ್ದೆ ಕಡಪ ಕಲ್ಲಿನ ಹಾಗೆ ಕಾಣುತ್ತದೆ. ತಾಗದ ಕಡೆ ಬೂದು ಮೋಡದ ಹಾಗೆ ಮಸುಕು, ಗಾಳಿಗುಳ್ಳೆ. ಎಲ್ಲ ಚೌಕಗಳಿಂದಲೂ ಮಸುಕು ಹೋಗುವವರೆಗೆ ಕೈ ಆಡಿಸಬೇಡಿ. ಪ್ರತಿ ದಿನ ಕೆಲಸ ಶುರು ಮಾಡುವ ಮೊದಲು ಹೀಗೆ ಒತ್ತಿಡಬೇಕು, ಮುಗಿದ ಮೇಲೆ ಕನ್ನಡಿಯನ್ನು ಟೂಲ್ ಮೇಲೆ ಬಿಟ್ಟು ಮಲಗಬೇಡಿ. ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಪುಡಿಗೆ ಸೀರಿಯಂ ಆಕ್ಸೈಡ್ ಸಾಕು. ಕೆಂಪು ರೂಜ್ (ಕಬ್ಬಿಣದ ಆಕ್ಸೈಡ್ ಪುಡಿ) ತುಂಬಾ ನಿಧಾನ, ಕೈ, ಬಟ್ಟೆ, ಬಚ್ಚಲು ಎಲ್ಲ ಕೆಂಪಾಗುತ್ತದೆ. ನುಣುಪು ಚೆನ್ನಾಗಿ ಬರುತ್ತದೆ ನಿಜ, ಆದರೆ ಮೊದಲ ಕನ್ನಡಿಗೆ ಅಷ್ಟು ಬೇಕಿಲ್ಲ. ಗಾಜಿನ ಅಂಚು ಪಾಲಿಶ್ ಮಾಡುವ ಅಂಗಡಿಗಳಲ್ಲಿ ಸೀರಿಯಂ ಇರುತ್ತದೆ, ಆದರೆ ಅವರ ತೆರೆದ ಡಬ್ಬದಿಂದ ಬಿಡಿಯಾಗಿ ತರಬೇಡಿ. ನಾನೊಮ್ಮೆ ತಂದದ್ದರಲ್ಲಿ ಒರಟು ಕಣ ಸೇರಿತ್ತು, ಹೊಳೆಯುತ್ತಿದ್ದ ಕನ್ನಡಿಗೆ ಒಂದೇ ಆಟದಲ್ಲಿ ಮೂರು ಗೀರು ಬಿತ್ತು. ಸೀಲ್ ಮಾಡಿದ ಪೊಟ್ಟಣ ತಗೊಳ್ಳಿ, 100 ಗ್ರಾಂ ಧಾರಾಳ. ತೆಳು ಮಜ್ಜಿಗೆಯಷ್ಟು ನೀರಾಗಿ ಕಲಸಿ, ಒರಟು ಕಣ ತಳಕ್ಕೆ ಕೂರುವಷ್ಟು ಸ್ವಲ್ಪ ಹೊತ್ತು ಬಿಟ್ಟು, ಪುಡಿ ಇನ್ನೂ ತೇಲುತ್ತಿರುವ ಮೇಲಿನ ನೀರನ್ನು ತಳ ಅಲುಗಿಸದೆ ಬಸಿದು ಬಳಸಿದರೆ ಇನ್ನೂ ಕ್ಷೇಮ.

ಇನ್ನು ಮೇ ರಜೆ. ನೀವು ಕೆಲಸ ಮಾಡುವ ಕೋಣೆಯಲ್ಲಿ ಎಸಿ ಇದ್ದರೆ 26ಕ್ಕೆ ಇಟ್ಟು, ಕನ್ನಡಿ, ಟೂಲ್, ನೀರು ಮೂರನ್ನೂ ಎರಡು ಗಂಟೆ ಮೊದಲೇ ಒಳಗಿಟ್ಟು ಕೆಲಸ ಶುರು ಮಾಡಿ. ಎಸಿ ಇಲ್ಲದಿದ್ದರೆ ಬೆಳಗಿನ ಜಾವ ಐದರಿಂದ ಎಂಟು ಒಳ್ಳೆಯ ಹೊತ್ತು, ರಸ್ತೆ ಧೂಳೂ ಆಗ ಕಡಿಮೆ. ಪಿಚ್ ಕೊಳ್ಳುವ ಮೊದಲು ಆ ಕೋಣೆಯಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ, ಒಂದು ವಾರ ನೀವು ನಿಜವಾಗಿ ಕೆಲಸ ಮಾಡುವ ಹೊತ್ತಿನ ಡಿಗ್ರಿ ಬರೆದಿಟ್ಟು ನನಗೆ ಕಳಿಸಿ. 73 ಹಾಗೇ ಸಾಕಾ, ರಾಳ ಎಷ್ಟು ಸೇರಿಸಬೇಕು ಅಂತ ಆ ಅಂಕಿ ನೋಡಿ ಹೇಳುತ್ತೇನೆ.